ಬಾಲಿಕೆಯರ ಕಂಪ್ಯೂಟರು ಶಿಕ್ಷಣವೂ ತಂತ್ರಾಂಶದ ಆಯ್ಕೆಯೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗಾಗಿ ಲೇಖನಗಳನ್ನು ಸಂಗ್ರಹಿಸುತ್ತಿದ್ದಾಗ, ಹಿಂದೆ ಇಲ್ಲಿ ಸೇವೆ ಸಲ್ಲಿಸಿದ ಉಪಾಧ್ಯಾಯಿನಿಯೊಬ್ಬರು ಸುಮಾರು ಇಪ್ಪತ್ತು ವರ್ಷಗಳ ಕೆಳಗೆ ಕಂಪ್ಯೂಟರಿನಲ್ಲಿ ಬರೆದಿಟ್ಟ ಶಾಲಾ ಚರಿತ್ರೆಯೊಂದು ನಮಗೆ ದೊರೆಯಿತು. ಅದನ್ನು ಈಗಿನ ಯಂತ್ರದಲ್ಲಿ ತೆರೆದು ನೋಡಲು, ಪುಟದ ತುಂಬ ಅರ್ಥವಿಲ್ಲದ ಇಂಗ್ಲೀಷು ಅಕ್ಷರಗಳೂ ಚಿಹ್ನೆಗಳೂ ಕಂಡುಬಂದುವೇ ಹೊರತು ಕನ್ನಡದ ಒಂದಕ್ಷರವೂ ಇರಲಿಲ್ಲ. 1894 ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ರೆವರೆಂಡ್ ಕಿಟೆಲ್ ಅವರ ನಿಘಂಟನ್ನು ಇಂದಿಗೂ ಯಾರು ಬೇಕಾದರೂ ಬಿಚ್ಚಿ ಓದಬಹುದಾಗಿದೆ. ನಮ್ಮ ಕಾಲದಲ್ಲಿಯೇ ನಮ್ಮವರೇ ಬರೆದುದನ್ನಾದರೋ ನಾವು ಓದಲಾರದೆ ಹೋದೆವು.

ಇದರ ಕಾರಣವು ಬಹು ಸರಳವಾದುದು. ಆಗಿನ ಅನೇಕ ಕನ್ನಡ ತಂತ್ರಾಂಶಗಳು ಇಂಗ್ಲೀಷು ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕುಳ್ಳಿರಿಸಿದ್ದುವು. ಆ ಅಕ್ಷರವಿನ್ಯಾಸವು ಇಲ್ಲದ ಯಂತ್ರದಲ್ಲಿ ಕನ್ನಡವು ಮಾಯವಾಗಿ ಇಂಗ್ಲೀಷು ಮಾತ್ರ ಉಳಿಯುವುದು. 1991 ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ ಅದರದೇ ಆದ ಸಂಖ್ಯೆಗಳನ್ನು ಕೊಟ್ಟಿತು; 'ಅ' ಎಂಬುದಕ್ಕೆ 3205 ಎಂಬ ಸಂಖ್ಯೆಯು ವಿಂಡೋಸಿನಲ್ಲಿಯೂ ಮ್ಯಾಕ್‌ನಲ್ಲಿಯೂ ಲಿನಕ್ಸಿನಲ್ಲಿಯೂ ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೂ ಒಂದೇ. ಎಲ್ಲರೂ ಒಪ್ಪಿಕೊಂಡ ಒಂದು ನಿಯಮದಿಂದ ಎಷ್ಟು ದೊಡ್ಡ ಅಡಚಣೆಯು ನೀಗುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಬೇಕಿಲ್ಲ.

ಎರಡನೆಯ ಸಂಗತಿಯನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುವುದು ಕರ್ತವ್ಯವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರಿನ ಮನೆಪಾಠವನ್ನು ಸತತವಾಗಿ ಮೂರು ಸಲ ಮಾಡಿ ತರಲಿಲ್ಲ. ನಾನು ಆಕೆಯನ್ನು ನನ್ನ ಕೋಣೆಗೆ ಕರೆಯಿಸಿ ಗದರಿದೆನು. ಆಕೆಯು ತಲೆಯನ್ನು ತಗ್ಗಿಸಿಕೊಂಡು, "ಟೀಚರ್, ನೀವು ಹೇಳಿದ ತಂತ್ರಾಂಶ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ" ಎಂದಳು. ವಿಚಾರಿಸಲಾಗಿ, ಅಣ್ಣನು ಬಿಟ್ಟುಕೊಟ್ಟ ಹಳೆಯ ಯಂತ್ರವೊಂದೇ ಆಕೆಯ ಪಾಲಿಗಿದ್ದಿತೆಂದೂ, ಅದರಲ್ಲಿ ಲಿನಕ್ಸ್ ಇದ್ದಿತೆಂದೂ, ನಾವು ನೇಮಿಸಿದ ತಂತ್ರಾಂಶವು ವಿಂಡೋಸಿಗಾಗಿ ಮಾತ್ರ ಮಾಡಲ್ಪಟ್ಟುದೆಂದೂ ತಿಳಿದುಬಂತು. ಸೋಮಾರಿತನವು ಆಕೆಯದಾಗಿರಲಿಲ್ಲ, ವಿಚಾರಮಾಡದೆ ಆರಿಸಿದ ನಮ್ಮದಾಗಿತ್ತು.

ಒಂದು ತಂತ್ರಾಂಶವು ಒಂದೆಡೆ ನಡೆದು ಇನ್ನೊಂದೆಡೆ ಏಕೆ ನಡೆಯಲಾರದೆಂದು ತಾಯಿತಂದೆಗಳು ಕೇಳಬಹುದು. ಕಡತವನ್ನು ತೆರೆಯುವುದು, ಪರದೆಯ ಮೇಲೆ ಗೆರೆಯನ್ನು ಎಳೆಯುವುದು, ಮುದ್ರಣಕ್ಕೆ ಕಳುಹಿಸುವುದು ಮುಂತಾದ ಕೆಲಸಗಳನ್ನು ತಂತ್ರಾಂಶವು ತಾನೇ ಮಾಡದೆ ಆಪರೇಟಿಂಗ್ ಸಿಸ್ಟಮನ್ನು ಬೇಡಿಕೊಳ್ಳುವುದು. ಹೀಗೆ ಬೇಡುವ ಭಾಷೆಯು ಒಂದೊಂದು ಸಿಸ್ಟಮಿನಲ್ಲಿ ಒಂದೊಂದು ತೆರನಾಗಿದೆ. ಒಂದು ಮನೆಯ ಅಡಿಗೆಯವಳು ಮತ್ತೊಂದು ಮನೆಯ ಅಡಿಗೆಕೋಣೆಗೆ ಹೋದರೆ, ಅಕ್ಕಿಬೇಳೆಗಳು ಅವೇ ಆದರೂ ಡಬ್ಬಿಗಳು ಎಲ್ಲಿವೆಯೆಂದು ತಿಳಿಯದೆ ತೊಡಕುವಂತೆಯೇ ಇದು.

ಈ ತೊಡಕನ್ನು ಬಿಡಿಸಲು ಬಲ್ಲವರು ಹಲವು ಮಾರ್ಗಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು, ಒಂದೇ ಮೂಲದಿಂದ ಪ್ರತಿಯೊಂದು ಸಿಸ್ಟಮಿಗೂ ಬೇರೆ ಬೇರೆಯಾಗಿ ತಂತ್ರಾಂಶವನ್ನು ಸಿದ್ಧಪಡಿಸಿಕೊಡುವುದು. 2010 ರಲ್ಲಿ ಆರಂಭವಾದ ಲಿಬ್ರೆ ಆಫೀಸ್, ಗಣಿತಪಾಠಕ್ಕೆ ಒದಗುವ ಜಿಯೋಜೀಬ್ರಾ, ಫೈರ್‌ಫಾಕ್ಸ್ ಮೊದಲಾದುವು ಇಂತಹವು. ಎರಡನೆಯದು, ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸುವುದು. 1993 ರಲ್ಲಿ ಪ್ರಾರಂಭವಾದ ವೈನ್ ಎಂಬುದು ವಿಂಡೋಸ್ ತಂತ್ರಾಂಶದ ಬೇಡಿಕೆಗಳನ್ನು ಲಿನಕ್ಸಿಗೆ ತಿಳಿಯುವಂತೆ ಮಾರ್ಪಡಿಸಿ ಹೇಳುವುದು. ಆದರೆ ದುಭಾಷಿಗೆ ಎಲ್ಲ ಮಾತುಗಳೂ ತಿಳಿದಿರುವುದಿಲ್ಲವಾದ್ದರಿಂದ ಕೆಲವು ನಡೆಯುವುವು, ಕೆಲವು ನಡೆಯಲಾರವು. ಮೂರನೆಯದು, ಯಂತ್ರದೊಳಗೆ ಇನ್ನೊಂದು ಕಾಲ್ಪನಿಕ ಯಂತ್ರವನ್ನೇ ನಿರ್ಮಿಸಿ ಅದರಲ್ಲಿ ಬೇರೊಂದು ಸಿಸ್ಟಮನ್ನು ನಡೆಸುವುದು. ಇದಕ್ಕೆ ಸ್ಮರಣಶಕ್ತಿಯು ಹೇರಳವಾಗಿರಬೇಕು. ಶಾಲೆಯ ಬಡ ಯಂತ್ರಗಳಿಗೆ ಈ ಭಾರವು ಸಲ್ಲದು. ಕಡೆಯದು, ಪೈಥಾನ್‌ನಂತಹ ಭಾಷೆಯಲ್ಲಿ ಬರೆಯುವುದು. ಅದನ್ನು ಓದಿ ನಡೆಯಿಸುವ ಸಾಧನವು ಎಲ್ಲ ಸಿಸ್ಟಮುಗಳಲ್ಲಿಯೂ ಇರುವುದರಿಂದ ಬರೆದವಳು ಬಹುಮಟ್ಟಿಗೆ ನಿಶ್ಚಿಂತೆಯಾಗಿರಬಹುದು.

ಬಹುಮಟ್ಟಿಗೆ ಎಂದೆನು, ಏಕೆಂದರೆ ಸಣ್ಣ ಭೇದಗಳು ಇಲ್ಲಿಯೂ ಉಂಟು. ಕಡತದ ಹೆಸರಿನಲ್ಲಿ ಇಂಗ್ಲೀಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲಿನಕ್ಸ್ ಎಣಿಸುವುದು, ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಸಾಲಿನ ಕೊನೆಯನ್ನು ಗುರುತಿಸಲು ವಿಂಡೋಸ್ ಎರಡು ಚಿಹ್ನೆಗಳನ್ನು ಬಳಸಿದರೆ ಲಿನಕ್ಸ್ ಒಂದನ್ನೇ ಬಳಸುವುದು. ಈ ಎರಡು ಚಿಹ್ನೆಗಳು ಹಳೆಯ ತಂತಿಮುದ್ರಣ ಯಂತ್ರಗಳ ಕಾಲದಿಂದ ಬಂದುವು: ಒಂದು ಅಚ್ಚಿನ ಗಾಡಿಯನ್ನು ಸಾಲಿನ ಮೊದಲಿಗೆ ತರುವುದು, ಇನ್ನೊಂದು ಕಾಗದವನ್ನು ಮೇಲಕ್ಕೆ ಸರಿಸುವುದು. ಟೈಪ್‌ರೈಟರಿನ ಮುಂದೆ ಕುಳಿತು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಕೈಗೆ ಪರಿಚಿತವಾದ ಚಲನವೇ ಸರಿ. ಇಂತಹ ಭೇದಗಳನ್ನು ಕಂಡು ಕಾರಣವನ್ನು ಹುಡುಕುವ ಹುಡುಗಿಯು ಕಂಪ್ಯೂಟರನ್ನು ನಿಜವಾಗಿ ಕಲಿಯುವಳು. ಯಾವ ಗುಂಡಿಯು ಎಲ್ಲಿದೆಯೆಂದು ಮಾತ್ರ ಕಂಠಪಾಠಮಾಡಿದವಳು, ಗುಂಡಿಯು ಸ್ಥಳ ಬದಲಿಸಿದ ದಿನವೇ ಕಲಿತುದನ್ನು ಕಳೆದುಕೊಳ್ಳುವಳು.

ಆದಕಾರಣ ನನ್ನ ಅಭಿಪ್ರಾಯವಿದು: ನಮ್ಮಂತಹ ಶಾಲೆಗಳು ತರಗತಿಯ ಪಾಠಕ್ಕೆ ಎಲ್ಲ ಸಿಸ್ಟಮುಗಳಲ್ಲಿಯೂ ನಡೆಯುವ ತಂತ್ರಾಂಶಗಳನ್ನೇ ಆರಿಸತಕ್ಕದ್ದು, ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು, ಕಡತಗಳನ್ನು, 2006 ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾದ ಓಪನ್ ಡಾಕ್ಯುಮೆಂಟಿನಂತಹ, ಎಲ್ಲರಿಗೂ ತೆರೆದ ರೂಪಗಳಲ್ಲಿ ಇಡತಕ್ಕದ್ದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಅರಿಯೆನೆಂದಲ್ಲ. "ಉದ್ಯೋಗ ಕೊಡುವವರು ವಿಂಡೋಸನ್ನೇ ಕೇಳುವರಲ್ಲ" ಎಂದು ಕೆಲವು ತಂದೆಗಳು ಹೇಳಿದ್ದಾರೆ. ಅದು ನಿಜವು, ಅದನ್ನೂ ನಾವು ತೋರಿಸಿಕೊಡೋಣ. ಆದರೆ ಲೆಕ್ಕಪತ್ರದ ಒಂದು ಪಟ್ಟಿಯನ್ನು ಒಂದು ತಂತ್ರಾಂಶದಲ್ಲಿ ಅರ್ಥಮಾಡಿಕೊಂಡು ಮಾಡಬಲ್ಲವಳಿಗೆ ಮತ್ತೊಂದು ಕಷ್ಟವಾಗದು. ಕೆಲವು ಮುದ್ರಣಯಂತ್ರಗಳು ಲಿನಕ್ಸಿಗೆ ಮಣಿಯವು, ಕಛೇರಿಯ ಕೆಲವು ತಂತ್ರಾಂಶಗಳು ವಿಂಡೋಸನ್ನು ಬಿಟ್ಟು ನಡೆಯವು ಎಂಬುದೂ ಅನುಭವದ ಮಾತೇ. ಅದಕ್ಕಾಗಿ ಕಛೇರಿಯಲ್ಲಿ ಒಂದು ಯಂತ್ರವನ್ನು ಹಾಗೆಯೇ ಇಟ್ಟುಕೊಳ್ಳೋಣ; ಅದರ ಹೊರೆಯನ್ನು ಮಕ್ಕಳ ಮೇಲೆ ಹೊರಿಸುವುದು ಬೇಡ. ಇನ್ನು, ಉಪಾಧ್ಯಾಯಿನಿಯರು ಹೊಸದಾಗಿ ಕಲಿಯಬೇಕಾದ ಶ್ರಮವಿದೆ. ಕಲಿಸುವವರು ಕಲಿಯಲು ಬೇಸರಪಡಬಾರದೆಂದಷ್ಟೇ ಅದಕ್ಕೆ ನನ್ನ ಉತ್ತರವು. ನೆರೆಯ ಕೇರಳದಲ್ಲಿ 2001 ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯ ಮೂಲಕ ಸರಕಾರೀ ಶಾಲೆಗಳಲ್ಲಿಯೇ ಲಿನಕ್ಸ್ ಆಧಾರದ ಸ್ವತಂತ್ರ ತಂತ್ರಾಂಶಗಳಿಂದ ಪಾಠವು ನಡೆದುಬಂದಿದೆ. ಅಲ್ಲಿಯ ಉಪಾಧ್ಯಾಯಿನಿಯರಿಗೆ ಸಾಧ್ಯವಾದುದು ನಮಗೆ ಅಸಾಧ್ಯವೇ?

ಇನ್ನೆರಡು ಮಾತುಗಳು. 2025 ರ ಅಕ್ಟೋಬರ್ 14 ರಂದು ವಿಂಡೋಸ್ 10 ಕ್ಕೆ ಸಾಮಾನ್ಯ ಬೆಂಬಲವು ನಿಂತಿತು. ಗಟ್ಟಿಮುಟ್ಟಾಗಿರುವ ಅನೇಕ ಯಂತ್ರಗಳು ಮುಂದಿನ ಆವೃತ್ತಿಯ ನಿಯಮಗಳಿಗೆ ಒಳಪಡದೆ ಮೂಲೆ ಸೇರುತ್ತಿವೆ. ಲಿನಕ್ಸನ್ನು ಹಾಕಿದರೆ ಅಂತಹವುಗಳಲ್ಲಿ ಹಲವು ಇನ್ನೂ ಕೆಲವು ವರ್ಷ ಮಕ್ಕಳಿಗೆ ದುಡಿಯುವುವು. ಎರಡನೆಯದಾಗಿ, ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಕಳ್ಳಪ್ರತಿ ಮಾಡಿ ಹಾಕಿಕೊಳ್ಳುವ ಕೆಟ್ಟ ಅಭ್ಯಾಸವು ಎಲ್ಲೆಡೆಯೂ ಹರಡಿದೆ. ಬೆಳಿಗ್ಗೆ ಪ್ರಾರ್ಥನಾಮಂದಿರದಲ್ಲಿ ಎಂಟನೆಯ ಆಜ್ಞೆಯನ್ನು ಕಲಿಸಿ, ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಅದನ್ನು ಮೀರುವ ಶಾಲೆಯ ಮಾತನ್ನು ಮಕ್ಕಳು ಹೇಗೆ ನಂಬಿಯಾರು? ಧರ್ಮಾರ್ಥವಾಗಿ ದೊರೆಯುವುದಿರುವಾಗ ಕದ್ದುದಕ್ಕೆ ಕೈಚಾಚುವ ಆವಶ್ಯಕತೆಯೇ ಇಲ್ಲ.

ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನಲ್ಲಿ ನೆರೆದ ನಾನಾ ದೇಶದವರು ಒಂದೇ ಸುವಾರ್ತೆಯನ್ನು ತಮ್ಮ ತಮ್ಮ ಭಾಷೆಗಳಲ್ಲಿ ಕೇಳಿದರೆಂದು ನಾವು ಓದುತ್ತೇವೆ. ಮೊದಲು ಹೋಗಿ ನಮ್ಮ ಭಾಷೆಯನ್ನು ಕಲಿತು ಬನ್ನಿರೆಂದು ಅವರಿಗೆ ಯಾರೂ ಹೇಳಲಿಲ್ಲ. ನಮ್ಮ ಪಾಠವೂ ಹಾಗೆಯೇ ಪ್ರತಿಯೊಬ್ಬ ಹುಡುಗಿಯ ಮನೆಯಲ್ಲಿರುವ ಯಂತ್ರವನ್ನು ಹುಡುಕಿಕೊಂಡು ಹೋಗಬೇಕು. ಶಾಲೆಗೆ ಕಂಪ್ಯೂಟರುಗಳನ್ನು ದಾನಮಾಡಲು ಮನಸ್ಸುಳ್ಳ ಹಳೆಯ ವಿದ್ಯಾರ್ಥಿನಿಯರು ಕೊಳ್ಳುವ ಮೊದಲು ನಮ್ಮನ್ನು ಒಂದು ಮಾತು ಕೇಳಬೇಕೆಂದು ಬಿನ್ನಹ. ಆ ಒಂಬತ್ತನೆಯ ತರಗತಿಯ ಹುಡುಗಿಯಲ್ಲಿ ನಾನು ಕ್ಷಮೆ ಬೇಡಿದೆನು. ಆಕೆಯು ನಕ್ಕು, ಮರುದಿನವೇ ಪಾಠವನ್ನು ಲಿಬ್ರೆ ಆಫೀಸಿನಲ್ಲಿ ಮಾಡಿ ತಂದಳು. ಅದು ತರಗತಿಯಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು.