ಕಲಿತದ್ದು ಕಾಣಲಿ

ಮಗಳು ಬಿ.ಸಿ.ಎ. ಓದುತ್ತಾಳೆ, ಬರೆದ ಪ್ರೋಗ್ರಾಮ್‌ಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಉಳಿದಿವೆ. ನಾಳೆ ಕೆಲಸ ಕೇಳಲು ಹೋದಾಗ ಅಂಕಪಟ್ಟಿಯ ಜೊತೆ ತೋರಿಸಲು ಏನಾದರೂ ಬೇಡವೇ? 2008ರಲ್ಲಿ ಆರಂಭವಾದ ಗಿಟ್‌ಹಬ್ ತಾಣದಲ್ಲಿ ತನ್ನ ಕೋಡನ್ನು ಉಚಿತವಾಗಿ ಎಲ್ಲರಿಗೂ ಕಾಣುವಂತೆ ಇಡಬಹುದು.

"ಹೆಣ್ಣುಮಗಳ ವಿವರವೆಲ್ಲ ಇಂಟರ್ನೆಟ್ಟಿನಲ್ಲಿ ಹರಡಿದರೆ?" ಎಂಬ ತಾಯಿಯ ಆತಂಕ ಸಹಜ. ಆದರೆ ಅಲ್ಲಿ ಫೋಟೋ, ಊರು, ಫೋನ್ ನಂಬರ್ ಯಾವುದನ್ನೂ ಕೊಡಬೇಕೆಂದಿಲ್ಲ. ಕೋಡಿನ ಪ್ರತಿ ಬದಲಾವಣೆಯೊಂದಿಗೆ ಇ-ಮೇಲ್ ವಿಳಾಸವೂ ದಾಖಲಾಗುವುದರಿಂದ, ಮೊದಲೇ ಅದನ್ನು ಮರೆಮಾಡುವ ಆಯ್ಕೆಯನ್ನು ಒತ್ತಿ, ತಾಣವೇ ಕೊಡುವ ಬದಲಿ ವಿಳಾಸವನ್ನು ಬಳಸಬೇಕು. ಪಾಸ್‌ವರ್ಡನ್ನು ಕೋಡಿನಲ್ಲಿ ಬರೆಯಲೇಬಾರದು; ನಂತರ ಅಳಿಸಿದರೂ ಹಳೆಯ ದಾಖಲೆಯಲ್ಲಿ ಅದು ಉಳಿದಿರುತ್ತದೆ.

ಮೊದಲಿಗೆ ಏನು ಮಾಡಲಿ ಎನ್ನುವವರು ಝಕಾತ್ ಲೆಕ್ಕದ ಪುಟವೊಂದನ್ನು ರಚಿಸಬಹುದು. ಚಿನ್ನ, ನಗದು, ವ್ಯಾಪಾರದ ಸರಕು ಕೂಡಿಸಿ, ಸಾಲ ಕಳೆದು, ಉಳಿದದ್ದು ನಿಸಾಬ್ ಮುಟ್ಟಿದರೆ ಶೇ. 2.5 ತೋರಿಸಬೇಕು. ನಿಸಾಬ್‌ಗಿಂತ ಕಡಿಮೆ ಮೊತ್ತವನ್ನೂ ಹಾಕಿ ಪರೀಕ್ಷಿಸಿ. ಇದು ಏನು, ಹೇಗೆ ಬಳಸಬೇಕು ಎಂಬುದನ್ನು ರೀಡ್‌ಮಿ ಫೈಲಿನಲ್ಲಿ ನಾಲ್ಕು ಸಾಲು ಬರೆಯಿರಿ.

ಬೇರೆಯವರ ಕೋಡನ್ನು ಬಳಸಿದ್ದರೆ ಅದರ ಅನುಮತಿಯ ಷರತ್ತನ್ನು ಓದಿ, ಅವರ ಹೆಸರು ಹೇಳಿ. ಅದೂ ಒಂದು ಅಮಾನತ್. ಸಂದರ್ಶನದಲ್ಲಿ "ಈ ಸಾಲು ಏಕೆ?" ಎಂದು ಕೇಳಿದಾಗ ಉತ್ತರಿಸಬೇಕಾದವಳು ಮಗಳೇ ತಾನೇ? ಅರ್ಧಕ್ಕೆ ಬಿಟ್ಟ ಹತ್ತು ಕೆಲಸಗಳಿಗಿಂತ, ಅರ್ಥಮಾಡಿಕೊಂಡು ಮುಗಿಸಿದ ಒಂದೇ ಕೆಲಸ ಮೇಲು.