ನಿಂಬೆಗೆ ಗಂಡು ಹೆಣ್ಣಿಲ್ಲ

ಹೈದರಾಬಾದಿನ ತಾರ್ನಾಕ ಓದುವವರ ಬಡಾವಣೆ. ಪಕ್ಕದಲ್ಲೇ ಉಸ್ಮಾನಿಯಾ ವಿಶ್ವವಿದ್ಯಾಲಯ, ರಸ್ತೆಯುದ್ದಕ್ಕೂ ಸಂಶೋಧನಾಲಯಗಳು, ಮೇಲೆ ಮೆಟ್ರೊ. ಇಂಥ ಕಡೆಯ ಹುಡುಗ ಹುಡುಗಿಯರನ್ನು ಕಣ್ಣಲ್ಲಿಟ್ಟುಕೊಂಡೇ ಸೆಂಟಿನ ಕಂಪನಿಗಳು 'ಯುನಿಸೆಕ್ಸ್' ಎಂಬ ಚೀಟಿ ಅಂಟಿಸಿದ ಬಾಟಲಿಗಳನ್ನು ಮಾರುತ್ತವೆ. ಮುಚ್ಚಳ ತೆಗೆದರೆ ಎಷ್ಟೋ ಸಲ ಮೂಗಿಗೆ ಮೊದಲು ಬಡಿಯುವುದು ನಿಂಬೆ, ಕಿತ್ತಳೆ, ಬೆರ್ಗಮಾಟ್. ಇದನ್ನು ಹಚ್ಚಿಕೊಂಡವರು ಲವಲವಿಕೆಯವರು, ಸ್ವತಂತ್ರರು, ಯಾವ ಚೌಕಟ್ಟಿಗೂ ಸಿಗದವರು ಎಂದು ಜಾಹೀರಾತು ಹೇಳುತ್ತದೆ. ಆ ವ್ಯಕ್ತಿತ್ವ ನಿಜಕ್ಕೂ ಬಾಟಲಿಯೊಳಗೆ ಇದೆಯೇ?

ಈ ಜಾತಿಯ ಅತ್ಯಂತ ಹೆಸರುವಾಸಿ ಸೆಂಟು 1994ರಲ್ಲಿ ಬಂದ ಸಿಕೆ ಒನ್. ಆಲ್ಬರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮಾಂಟ್ ಅದನ್ನು ರೂಪಿಸಿದವರು. ಗಂಡು ಹೆಣ್ಣು ಒಂದೇ ಬಾಟಲಿ ಹಂಚಿಕೊಳ್ಳುವುದು ಆಗ ದೊಡ್ಡ ಸುದ್ದಿಯಾಯಿತು. ಆದರೆ ಜರ್ಮನಿಯ ಕಲೋನ್ ನಗರದಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ಅಂಗಡಿ ಹೆಸರು ಮಾಡಿದ್ದೂ ಇಂಥದೇ ನಿಂಬೆ, ಕಿತ್ತಳೆಗಳ ಪರಿಮಳದ ನೀರಿನಿಂದ. ಊರಿನ ಹೆಸರೇ ಆ ನೀರಿಗೆ ಅಂಟಿಕೊಂಡಿತು. ಗಂಡಸರೂ ಹೆಂಗಸರೂ ಅದನ್ನು ಬಳಸಿದರು. ಹಳೆಯದಕ್ಕೆ ಹೊಸ ಚೀಟಿ ಅಂಟಿತು, ಅಷ್ಟೆ.

ಹೈದರಾಬಾದಿಗಂತೂ ಈ ಚೀಟಿಯ ಅಗತ್ಯವೇ ಇರಲಿಲ್ಲ. ಪಶ್ಚಿಮದ ಅಂಗಡಿಯಲ್ಲಿ ಗುಲಾಬಿ ಎಂದರೆ ಹೆಂಗಸರ ಸಾಲು. ಚಾರ್‌ಮಿನಾರ್ ಸುತ್ತಲಿನ ಅತ್ತರಿನ ಅಂಗಡಿಯಲ್ಲಿ ಗುಲಾಬಿಯನ್ನು ಕೇಳಿ ಪಡೆಯುವವರಲ್ಲಿ ಮೀಸೆ ಹೊತ್ತವರು ಬೇಕಾದಷ್ಟು. 1956ರವರೆಗೆ ಇದೇ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನವರಿಗೂ ಅತ್ತರಿನ ಹತ್ತಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ ಗಂಡಸು ಅಪರೂಪದವನಲ್ಲ. ಗಂಧ ತೇಯ್ದು ಹಚ್ಚುವಾಗ ಯಾರೂ ಗಂಡು ಹೆಣ್ಣು ನೋಡುವುದಿಲ್ಲ. ವಾಸನೆಯ ಲಿಂಗ ಊರಿಂದ ಊರಿಗೆ ಬದಲಾಗುತ್ತದೆ ಎಂದರೆ ಅದು ಮೂಗಿನದಲ್ಲ, ರೂಢಿಯದು.

ನಿಂಬೆಯ 'ವ್ಯಕ್ತಿತ್ವ'ವೂ ಹಾಗೆಯೇ. ಜಾಹೀರಾತಿನಲ್ಲಿ ಅದು ಸಮುದ್ರ ತೀರದ ಯೌವನ. ಕನ್ನಡದ ಮನೆಯಲ್ಲಿ ಅದು ಬೆಳಗಿನ ಚಿತ್ರಾನ್ನ, ಹೊಸ ಗಾಡಿಯ ಚಕ್ರದಡಿ ಇಟ್ಟ ಹಣ್ಣು, ಪಾತ್ರೆ ತೊಳೆಯುವ ಸೋಪು. ಸಾವಿರಾರು ರೂಪಾಯಿಯ ಸೆಂಟು ಮೂಸಿ 'ಪಾತ್ರೆ ಸೋಪಿನ ಹಾಗಿದೆ' ಎನ್ನುವ ಅಜ್ಜಿಗೆ ಅಭಿರುಚಿ ಇಲ್ಲ ಎನ್ನಲಾಗದು. ಅವಳ ಮೂಗಿನ ನೆನಪು ಬೇರೆ, ಅಷ್ಟೇ.

ಹಾಗಾದರೆ ನಿಂಬೆಗೆ ತನ್ನದೇ ಗುಣವಿಲ್ಲವೇ? ಇದೆ, ಅದು ರಸಾಯನಶಾಸ್ತ್ರದ್ದು. ಹೈದರಾಬಾದ್ ಸಂಸ್ಥಾನ 1944ರಲ್ಲಿ ಆರಂಭಿಸಿದ ಪ್ರಯೋಗಾಲಯವೇ ಇಂದು ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಅಲ್ಲಿನ ಯಾವ ವಿದ್ಯಾರ್ಥಿಗೂ ಲಿಮೊನೀನ್ ಹೊಸದಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅದೇ. ಅದರ ಅಣು ಹಗುರ, ಬೇಗ ಆವಿಯಾಗುತ್ತದೆ. ಗಂಧದೆಣ್ಣೆ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿ ಕೂರುತ್ತದೆ. ನಿಂಬೆ ಬಂದು, ಮಾತಾಡಿಸಿ, ಎದ್ದು ಹೋಗುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಇನ್ನೂ ಬೇಗ.

ಕೊಂಡವರು ಇದನ್ನೇ ದೂರುತ್ತಾರೆ: ಇಷ್ಟು ದುಡ್ಡು ಕೊಟ್ಟರೂ ಒಂದು ಗಂಟೆ ನಿಲ್ಲುವುದಿಲ್ಲ ಎಂದು. ಅದಕ್ಕೇ ತಯಾರಕರು ಕೆಳಗೆ ಕಸ್ತೂರಿಯಂಥ ಗಟ್ಟಿ ವಾಸನೆ ಸೇರಿಸುತ್ತಾರೆ. ಕೊಂಡವರು ಮೇಲಿಂದ ಮೇಲೆ ಸಿಂಪಡಿಸಿಕೊಳ್ಳುತ್ತಾರೆ. ಇಬ್ಬರೂ ನಿಂಬೆಯ ಒಳ್ಳೆಯ ಗುಣವನ್ನೇ ಕೆಡಿಸುತ್ತಾರೆ. ಬೆಳಿಗ್ಗೆ ಒಂಬತ್ತರ ಮೆಟ್ರೊ ಡಬ್ಬಿಯಲ್ಲಿ ಕಣ್ಣು ಮುಚ್ಚಬಹುದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಬಹುದು. ಉಸಿರು ಕಟ್ಟಿಕೊಂಡು ನಿಲ್ಲಲಾಗದು. ಗಾಢ ಸೆಂಟಿಗೆ ಅರೆತಲೆನೋವು ಬರುವವರೂ ಅಲ್ಲೇ ನಿಂತಿರುತ್ತಾರೆ. ಮದುವೆ ಮನೆಯಲ್ಲಿ ಅತ್ತರು ಘಮಘಮಿಸಲಿ, ಅದರ ಜಾಗ ಅದೇ. ಎಲ್ಲರೂ ಒಂದೇ ಗಾಳಿ ಉಸಿರಾಡುವ ಕಡೆ ಬೇರೆ ನಡತೆ ಬೇಕು.

ಯುನಿಸೆಕ್ಸ್ ನಿಂಬೆಯ ಸೆಂಟನ್ನು ಹೊಗಳಲು ಕಾರಣ ಬೇಕಿದ್ದರೆ ಇದು ಸಾಕು. ಹಚ್ಚಿಕೊಂಡವರನ್ನು ಅದು ಸ್ವತಂತ್ರರನ್ನಾಗಿ ಮಾಡಲಾರದು. ಒಮ್ಮೆ ಹಚ್ಚಿ ಸುಮ್ಮನಿದ್ದರೆ ಪಕ್ಕದವರ ಗಾಳಿಯನ್ನು ಬೇಗನೆ ಅವರಿಗೇ ಬಿಟ್ಟುಕೊಡುತ್ತದೆ. ಅಷ್ಟು ಸಂಕೋಚ ಗಂಡಿಗೂ ಒಪ್ಪುತ್ತದೆ, ಹೆಣ್ಣಿಗೂ ಒಪ್ಪುತ್ತದೆ.