ಕೆಸರಿಗೆ ಹುಡುಗರು ಬೇಕು, ಆ್ಯಂಬುಲೆನ್ಸ್ ಬೇಡವಾ?

ಕಳೆದ ಮಳೆಗಾಲದಲ್ಲಿ ನಾವು ಮೂವರು ಮಲೆನಾಡಿನ ಒಂದು ಊರಿಗೆ ಬೈಕ್ ರೇಸಿಗೆ ಹೋಗಿದ್ದೆವು. ವರದಿ ಮಾಡಲಿಕ್ಕಲ್ಲ, ರೇಸ್ ಓಡಿಸಲಿಕ್ಕೇ. ನಮ್ಮಲ್ಲೊಬ್ಬ ಹ್ಯಾಂಡಲ್ ಹಿಡಿಯುವವನು, ಇನ್ನೊಬ್ಬ ಬೈಕ್ ಹೂತಾಗ ಎಳೆಯುವವನು, ಮತ್ತೊಬ್ಬಳು ವಿಡಿಯೊ ಮಾಡುವವಳು. ಎಂಟ್ರಿ ಫೀಸು 1,500 ರೂಪಾಯಿ. ಮೊದಲ ಬಹುಮಾನ 15,000. ಊರಿನ ಹೆಸರು, ರೇಸ್ ಮಾಡಿಸಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರನ್ನು ಬೈದು ಮುಗಿಸುವ ವಿಷಯ ಇದಲ್ಲ. ನಿಮ್ಮ ಕಡೆ ನಡೆದ ರೇಸು ಇದಕ್ಕಿಂತ ಬೇರೆ ಇತ್ತಾ ಅಂತ ಓದಿದ ಮೇಲೆ ನೀವೇ ಹೇಳಿ.

ಮೊದಲೇ ಒಂದು ಮಾತು. ಈ ಆಟ ನಮಗೆ ಇಷ್ಟ. "ಪುಂಡರ ಕೆಲಸ, ಅಪ್ಪನ ದುಡ್ಡು ಹಾಳು" ಅನ್ನುವವರು ಒಮ್ಮೆ ಆ ಕೆಸರಿಗೆ ಇಳಿದು ನೋಡಬೇಕು.

ಕಾಡಿನ ಕೆಸರು ಗದ್ದೆಯ ಕೆಸರಿನ ಹಾಗಲ್ಲ. ಗದ್ದೆಯದ್ದು ಒಂದೇ ಸಮ, ಬಿದ್ದರೂ ಮೆತ್ತಗೆ. ಕಾಡಿನದ್ದಕ್ಕೆ ಮೇಲೆ ಕೊಳೆತ ಎಲೆಯ ಹೊದಿಕೆ, ಕೆಳಗೆ ಕೆಮ್ಮಣ್ಣಿನ ಅಂಟು, ಅದರೊಳಗೆ ಅಡ್ಡಡ್ಡ ಮಲಗಿದ ಮರದ ಬೇರು. ಮಳೆಯಲ್ಲಿ ನೆನೆದ ಬೇರು ಅಂದರೆ ಸೋಪು ಹಚ್ಚಿದ ಕಬ್ಬಿಣ. ಅದನ್ನು ಓರೆಯಾಗಿ ದಾಟಲು ಹೋದರೆ ಮುಂದಿನ ಚಕ್ರ ಬೇರಿನ ಗುಂಟ ಜಾರಿ ಹೋಗುತ್ತದೆ. ನೇರ ಎದುರಿಗೇ ನುಗ್ಗಬೇಕು, ಸೀಟಿನಿಂದ ಎದ್ದು ಫುಟ್‌ರೆಸ್ಟಿನ ಮೇಲೆ ನಿಂತಿರಬೇಕು, ಆ ಗಳಿಗೆಯಲ್ಲಿ ಮುಂದಿನ ಬ್ರೇಕಿಗೆ ಕೈ ಹೋಗಕೂಡದು. ಹೆದರಿಕೆಯಾದಾಗ ಕೈ ಹೋಗುವುದು ಅಲ್ಲಿಗೇ. ಹೆದರಿ ಆ್ಯಕ್ಸಿಲರೇಟರ್ ಬಿಟ್ಟರೆ ಬೈಕು ಹೂತುಕೊಳ್ಳುತ್ತದೆ, ಹೆದರಿ ಜಾಸ್ತಿ ತಿರುಗಿಸಿದರೆ ಹಿಂದಿನ ಚಕ್ರ ನಿಂತಲ್ಲೇ ಬಾವಿ ತೋಡುತ್ತದೆ.

ಟಯರಿನದ್ದು ಇನ್ನೊಂದು ಕಥೆ. ಹುಡುಗರು ಬಟನ್ ಟಯರ್ ಅನ್ನುತ್ತಾರಲ್ಲ, ಗಂಟು ಗಂಟಾಗಿ ಎದ್ದಿರುವುದು, ಅದಾದರೆ ತಿರುಗುತ್ತಾ ಮಣ್ಣನ್ನು ಕೊಡವಿಕೊಳ್ಳುತ್ತದೆ. ಮಾಮೂಲಿ ರಸ್ತೆ ಟಯರಿಗೆ ನೂರು ಅಡಿಯಲ್ಲಿ ಗೆರೆಗಳೆಲ್ಲ ತುಂಬಿ ಬೋಳಾಗುತ್ತದೆ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಮಣ್ಣು ಗಟ್ಟಿಯಾಗಿ ಚಕ್ರವೇ ನಿಂತುಬಿಡುವುದೂ ಉಂಟು. ಅದಕ್ಕೇ ಬಲ್ಲವರು ಮಡ್‌ಗಾರ್ಡ್ ಎತ್ತರಿಸುತ್ತಾರೆ, ಟಯರಿನ ಗಾಳಿ ಇಳಿಸುತ್ತಾರೆ. ಮೂರನೇ ಸುತ್ತಿಗೆ ತೋಳು ಕಲ್ಲಾಗಿರುತ್ತದೆ, ಕ್ಲಚ್ ಒತ್ತುವ ಬೆರಳು ಮಾತು ಕೇಳುವುದಿಲ್ಲ, ಬೂಟಿನೊಳಗೆ ಇಂಬಳ ತನ್ನ ಕೆಲಸ ಮುಗಿಸಿರುತ್ತದೆ. ಇದು ಪುಂಡಾಟ ಅಲ್ಲ ಮಾರಾಯ್ರೆ, ಕಲಿಯಬೇಕಾದ ವಿದ್ಯೆ.

ಈಗ ಆ ದಿನದ ವಿಷಯಕ್ಕೆ ಬರೋಣ. ಅರವತ್ತೆರಡು ಬೈಕು. ಬೆಂಗಳೂರಿನಿಂದ ಜೀಪಿನ ಹಿಂದೆ ಬೈಕ್ ಹೇರಿಕೊಂಡು ಬಂದವರು ಹತ್ತೋ ಹನ್ನೆರಡೋ ಮಂದಿ. ಅವರ ಮೈಮೇಲೆ ಎದೆಗವಚ, ಮೊಣಕಾಲಿಗೆ ಗಾರ್ಡು, ಮೀನಖಂಡದವರೆಗೆ ಬೂಟು. ಉಳಿದವರೆಲ್ಲ ಸುತ್ತಮುತ್ತಲಿನ ಹಳ್ಳಿಯವರೇ. ತೋಟದ ಕೆಲಸಕ್ಕೆ, ಹಾಲಿನ ಡೇರಿಗೆ ಓಡುವ ಗಾಡಿಗಳು. ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಸುತ್ತಿದರೆ ರೇಸ್ ಬೈಕ್ ತಯಾರು. ಕಾಲಿಗೆ ಗಂಬೂಟು, ತಲೆಗೆ ಅಣ್ಣನದ್ದೋ ಮಾವನದ್ದೋ ಹೆಲ್ಮೆಟ್ಟು, ಅದರ ಬಕಲ್ ಮುರಿದಿದ್ದರೂ ಕೇಳುವವರಿಲ್ಲ. ಬೈಕಿನ ಬ್ರೇಕು ಹಿಡಿಯುತ್ತದಾ ಅಂತ ಒಬ್ಬರೂ ನೋಡಲಿಲ್ಲ. ಫೀಸು ಕಟ್ಟಿದ ಸ್ಕ್ರೀನ್‌ಶಾಟ್ ಮಾತ್ರ ಇಬ್ಬರು ನೋಡಿದರು.

ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಪೂರ್ತಿ ಇಂಗ್ಲಿಷು. ನಾವು ಡಿಗ್ರಿ ಮಾಡಿದವರು, ನಮಗೇ ಎರಡು ಸಲ ಓದಬೇಕಾಯಿತು. ಸಾರಾಂಶ ಇಷ್ಟೇ: ಸತ್ತರೂ ಕೈಕಾಲು ಮುರಿದರೂ ಜವಾಬ್ದಾರಿ ನಿನ್ನದೇ, ಮಾಡಿಸಿದವರದ್ದಲ್ಲ. ನಮ್ಮ ಮುಂದಿದ್ದ ಹುಡುಗ "ಎಲ್ಲಿ ಸಹಿ ಮಾಡ್ಬೇಕು ಅಣ್ಣ?" ಅಂತ ಮಾತ್ರ ಕೇಳಿದ. ಹತ್ತೊಂಬತ್ತು ವರ್ಷದವನು, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವನು. ಗಾಡಿ ಅವನ ಅಣ್ಣನದ್ದು.

ನಾಲ್ಕನೇ ಸುತ್ತಿನಲ್ಲಿ ಹಳ್ಳ ದಾಟಿ ಮೇಲೆ ಹತ್ತುವ ಕಡೆ ಅವನು ಬಿದ್ದ. ಬೇರಿನ ಮೇಲೆ ಚಕ್ರ ಜಾರಿತು, ಬೈಕು ಅವನ ಕಾಲಿನ ಮೇಲೆ ಬಿತ್ತು. ಅದು ತಿರುವು. ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. ಅಲ್ಲಿ ಬಾವುಟ ಹಿಡಿದವರಿರಲಿಲ್ಲ, ಸೀಟಿ ಊದುವವರೂ ಇರಲಿಲ್ಲ. ಇನ್ನೂ ಇಬ್ಬರು ಬಂದು ಅವನ ಮೇಲೇ ಬಿದ್ದರು. ನಾವು ಬೈಕ್ ನಿಲ್ಲಿಸಿ ಓಡಿ, ಅಂಗಿ ಬಿಚ್ಚಿ ಬೀಸುತ್ತಾ ನಿಂತದ್ದೇ ಆ ದಿನದ ಸುರಕ್ಷತಾ ವ್ಯವಸ್ಥೆ.

ನೆಟ್‌ವರ್ಕ್ ಇಲ್ಲದ ಜಾಗ. ಒಬ್ಬ ಗುಡ್ಡದ ನೆತ್ತಿಗೆ ಓಡಿ 108ಕ್ಕೆ ಫೋನ್ ಮಾಡಿದ. ಟೀ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಡುಗನನ್ನು ಕೂರಿಸಿ ನಾಲ್ವರು ಹೊತ್ತರು. ಕಾಲು ಮುರಿದವನನ್ನು ಹಾಗೆ ಕೂರಿಸಿ ಹೊರಬಾರದು, ಕಾಲಿಗೆ ಹಲಗೆ ಕಟ್ಟಿ ಮಲಗಿಸಿ ಒಯ್ಯಬೇಕು ಎಂದು ಆಮೇಲೆ ಡಾಕ್ಟರು ಬೈದಾಗ ಗೊತ್ತಾಯಿತು. ಜೀಪು ಸಿಗುವಲ್ಲಿಗೆ ಒಂದು ಕಿಲೋಮೀಟರ್, ಅಲ್ಲಿಂದ ಆ್ಯಂಬುಲೆನ್ಸ್ ಬಂದು ನಿಂತಿದ್ದ ಟಾರು ರಸ್ತೆಗೆ ಆರು. ಬಿದ್ದವನು ಆಸ್ಪತ್ರೆ ಬಾಗಿಲು ಕಂಡದ್ದು ಎರಡೂವರೆ ಗಂಟೆಯ ಮೇಲೆ. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಅತ್ತ ರೇಸು ನಿಲ್ಲಲಿಲ್ಲ. ಡಿಜೆಯೂ ನಿಲ್ಲಲಿಲ್ಲ. ಬಹುಮಾನ ಕೊಡಲು ಬಂದ ಮುಖಂಡರು "ನಮ್ಮ ಹುಡುಗರ ಸಾಹಸ" ಅಂತ ಭಾಷಣ ಮಾಡಿದ್ದು ನಮ್ಮ ವಿಡಿಯೊದಲ್ಲೇ ಇದೆ.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆವು. ಕಾಲಿಗೆ ರಾಡು ಹಾಕಿದ್ದರು, ಖರ್ಚು ಲಕ್ಷ ದಾಟಿತ್ತು. ಅವನ ಅಮ್ಮ ಕಾಫಿ ಕೊಟ್ಟು, ಎಷ್ಟೋ ಹೊತ್ತು ಸುಮ್ಮನಿದ್ದು, "ಗೆದ್ದಿದ್ರೆ ಎಷ್ಟು ಸಿಗ್ತಿತ್ತು ಮಗ?" ಅಂತ ಕೇಳಿದರು. ಹದಿನೈದು ಸಾವಿರ ಅಂದೆವು. ಅವರು ಮತ್ತೇನೂ ಕೇಳಲಿಲ್ಲ.

ಲೆಕ್ಕ ಹಾಕೋಣ. ಅರವತ್ತೆರಡು ಜನ, ತಲೆಗೆ 1,500 ಅಂದರೆ 93,000 ರೂಪಾಯಿ. ಬಹುಮಾನ ಎಲ್ಲ ಸೇರಿ 30,000. ಬ್ಯಾನರಿನಲ್ಲಿದ್ದ ಅಂಗಡಿ, ಶೋರೂಮುಗಳು ಕೊಟ್ಟದ್ದು ಬೇರೆ. ಹತ್ತಿರದ ಪೇಟೆಯಲ್ಲಿ ಖಾಸಗಿ ಆ್ಯಂಬುಲೆನ್ಸನ್ನು ಒಂದು ಹಗಲು ನಿಲ್ಲಿಸಿಕೊಳ್ಳಲು ಎಷ್ಟು ಅಂತ ನಾವೇ ವಿಚಾರಿಸಿದೆವು. ಆರು ಸಾವಿರ ಅಂದರು. ಅಂದರೆ ಒಬ್ಬೊಬ್ಬ ಹುಡುಗ ಕಟ್ಟಿದ ದುಡ್ಡಿನಲ್ಲಿ ನೂರು ರೂಪಾಯಿಯೂ ಆಗುವುದಿಲ್ಲ. ಡಿಜೆಗೆ ಎಷ್ಟು ಕೊಟ್ಟಿದ್ದರೋ!

ಇನ್ನು ವಿಮೆ. ಇದನ್ನು ಪ್ರತಿ ಮನೆಯವರೂ ಗಮನವಿಟ್ಟು ಓದಬೇಕು. ನಿಮ್ಮ ಗಾಡಿಯ ಇನ್ಶೂರೆನ್ಸ್ ಕಾಗದ ತೆಗೆದು "ಬಳಕೆಯ ಮಿತಿ" ಎಂಬ ಕಡೆ ನೋಡಿ. ಸ್ಪರ್ಧೆ, ವೇಗದ ಪರೀಕ್ಷೆಗೆ ಬಳಸಿದರೆ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂದೇ ಬರೆದಿರುತ್ತದೆ. ರೇಸಿನಲ್ಲಿ ಗಾಡಿ ಮುರಿದರೆ ಕ್ಲೇಮು ಇಲ್ಲ. ನೋಡಲು ನಿಂತವರ ಮೇಲೆ ಹರಿದರೆ ಆ ತಲೆನೋವು ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೂ ಬರಬಹುದು. ಅಣ್ಣನ ಗಾಡಿ ಕೇಳಿಕೊಂಡು ಹೋಗುವ ತಮ್ಮಂದಿರಿಗೆ ಇದನ್ನು ಯಾರು ಹೇಳಿದ್ದಾರೆ?

ಕಾನೂನು ಮಾಡಿಸಿದವರನ್ನು ಮಾತ್ರ ಹಿಡಿಯುತ್ತದೆ ಅಂದುಕೊಳ್ಳಬೇಡಿ. ಆ ರೇಸಿನ ದಾರಿ ಅರ್ಧ ಕಾಫಿ ತೋಟದೊಳಗೆ, ಉಳಿದರ್ಧ ಜನ ಓಡಾಡುವ ಪಂಚಾಯಿತಿ ದಾರಿ. ಮೋಟಾರು ವಾಹನ ಕಾಯ್ದೆ 1988ರ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸಿಗೆ ಅವಕಾಶ ಕೊಟ್ಟವರೂ, ಅದರಲ್ಲಿ ಓಡಿಸಿದವರೂ ತಪ್ಪಿತಸ್ಥರು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಕಾಲು ಮುರಿದುಕೊಂಡ ಹುಡುಗನ ಮೇಲೂ ಕೇಸು ಹಾಕಬಹುದು. ನಮ್ಮ ಮೇಲೂ. ಅನುಮತಿ ಇದೆಯಾ ಅಂತ ಕೇಳದೆ ಫೀಸು ಕಟ್ಟಿದವರು ನಾವೂ ತಾನೆ.

ಹಾಗಾದರೆ ನಿಲ್ಲಿಸಿಬಿಡಿ, ಬ್ಯಾನ್ ಮಾಡಿ ಅನ್ನುವವರಿದ್ದಾರೆ. ಅವರ ಮೇಲೂ ನಮಗೆ ಸಿಟ್ಟಿದೆ. ಬ್ಯಾನ್ ಮಾಡಿದರೆ ಹುಡುಗರು ಮನೆಯಲ್ಲಿ ಕೂರುವುದಿಲ್ಲ, ರಾತ್ರಿ ಹೊತ್ತು ಯಾರಿಗೂ ಹೇಳದೆ ಮೀಸಲು ಅರಣ್ಯದೊಳಗೆ ನುಗ್ಗುತ್ತಾರೆ. ಅಲ್ಲಿ ಬಿದ್ದರೆ ಪ್ಲಾಸ್ಟಿಕ್ ಕುರ್ಚಿಯೂ ಸಿಗುವುದಿಲ್ಲ. ಅದೂ ಅಲ್ಲದೆ, ಈ ಮಣ್ಣಿನಿಂದ ಎದ್ದು ಹೋದವರನ್ನು ನೋಡಿ. ಉಡುಪಿಯ ಕೆ.ಪಿ. ಅರವಿಂದ್ ಅವರನ್ನು ನಮ್ಮೂರ ಅಜ್ಜಿಯರು ಬಿಗ್ ಬಾಸ್‌ನಿಂದ ಬಲ್ಲರು. ಅದಕ್ಕೂ ಮೊದಲು, 2019ರಲ್ಲಿ, ಅವರು ಡಕಾರ್ ರ‍್ಯಾಲಿಯನ್ನು 37ನೆಯವರಾಗಿ ಮುಗಿಸಿದವರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ.

ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದರು. ತಲೆಗೆ ಪೆಟ್ಟಾಗಿ ಡಾಕ್ಟರುಗಳು ಔಷಧ ಕೊಟ್ಟು ಅವರನ್ನು ಕೋಮಾದಲ್ಲಿಡಬೇಕಾಯಿತು. ಬದುಕಿ ಬಂದರು. ಅಲ್ಲಿ ಬಿದ್ದವರನ್ನು ಎತ್ತಲು ಹೆಲಿಕಾಪ್ಟರ್ ಇತ್ತು. ಆ ವರ್ಷದಿಂದ ಬೈಕಿನವರೆಲ್ಲ ಗಾಳಿಚೀಲದ ಜಾಕೆಟ್ ಹಾಕುವುದೂ ಕಡ್ಡಾಯವಾಗಿತ್ತು. ಜಗತ್ತಿನ ಘಟಾನುಘಟಿಗಳಿಗೇ ಅಷ್ಟು ವ್ಯವಸ್ಥೆ ಬೇಕು. ನಮ್ಮ ಹುಡುಗರಿಗೆ "ಗುಂಡಿಗೆ ಇದ್ರೆ ಬಾ" ಎಂಬ ಪೋಸ್ಟರ್ ಸಾಕು!

ಹೆಲಿಕಾಪ್ಟರ್ ಯಾರೂ ಕೇಳುತ್ತಿಲ್ಲ. ದೇಶದ ಮೋಟಾರು ಕ್ರೀಡೆಗೆ ಎಫ್‌ಎಂಎಸ್‌ಸಿಐ ಎಂಬ ಸಂಸ್ಥೆ ಇದೆ. ಅದರ ಅನುಮತಿ ಪಡೆದು ನಡೆಯುವ ರೇಸಿನಲ್ಲಿ ಓಡಿಸುವವನಿಗೆ ಲೈಸೆನ್ಸ್ ಬೇಕು, ಬೈಕು, ಹೆಲ್ಮೆಟ್ಟಿನ ತಪಾಸಣೆ ಆಗಬೇಕು. ಬಾವುಟ ಹಿಡಿದವರು ನಿಂತಿರುತ್ತಾರೆ. ಹಳದಿ ತೋರಿಸಿದರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕುವಂತಿಲ್ಲ. ಕೆಂಪು ಬಂದರೆ ರೇಸೇ ನಿಂತಿತು. ಹಳ್ಳಿಯ ಸಣ್ಣ ರೇಸಿಗೆ ಅಷ್ಟೆಲ್ಲ ಆಗುವುದಿಲ್ಲ ಅನ್ನುತ್ತಾರೆ. ಯಾಕೆ ಆಗುವುದಿಲ್ಲ? ಊರ ಜಾತ್ರೆಯಲ್ಲಿ ತೇರಿನ ಹಗ್ಗದ ಪಕ್ಕ ಜನರನ್ನು ಸರಿಸಲು ಐವತ್ತು ಸ್ವಯಂಸೇವಕರು ಸಿಗುತ್ತಾರೆ. ಹತ್ತು ತಿರುವಿಗೆ ಹತ್ತು ಜನ, ಕೈಯಲ್ಲೊಂದು ಹಳದಿ ಬಟ್ಟೆ, ಇದಕ್ಕೆ ದುಡ್ಡೇ ಬೇಡ.

ಕಂಬಳ ನೋಡಿ. ಅದೂ ಕೆಸರಿನ ಓಟವೇ. ಅದಕ್ಕಾಗಿ 2017ರಲ್ಲಿ ರಾಜ್ಯ ಕಾನೂನನ್ನೇ ತಿದ್ದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಣಕ್ಕೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನ ಮೇಲೆ ಓಟ ನಡೆಯುತ್ತಿದೆ. ಒಳ್ಳೆಯದೇ ಆಯಿತು. ಕೆಸರಿಗೆ ಇಳಿಯುವ ಕೋಣಕ್ಕೆ ಇರುವ ಷರತ್ತು ಅದೇ ಕೆಸರಿಗೆ ಇಳಿಯುವ ಹುಡುಗನಿಗೆ ಇಲ್ಲವಲ್ಲ ಎಂಬುದು ನಮ್ಮ ಹೊಟ್ಟೆಯುರಿ.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಆ ಸಂಜೆ ನಾವೇ ಒಂದು ರೀಲು ಹಾಕಿದ್ದೆವು. ಕೆಸರು ಹಾರುವುದು, ಜನ ಕೇಕೆ ಹಾಕುವುದು, ಹಿಂದೆ ಹಾಡು. ಹುಡುಗ ಬಿದ್ದದ್ದನ್ನು ಕತ್ತರಿಸಿದ್ದೆವು, "ನೋಡಲಿಕ್ಕೆ ಚೆನ್ನಾಗಿರಲ್ಲ" ಅಂತ. ಪತ್ರಿಕೋದ್ಯಮ ಓದಿದವರು ನಾವು. ನಮ್ಮ ಈ ಬ್ಲಾಗಿನಲ್ಲಿ ಬಂದ ಎಷ್ಟೋ ವರದಿಗಿಂತ ಜಾಸ್ತಿ ಜನ ಅದನ್ನು ನೋಡಿದರು. ಅದನ್ನು ನೋಡಿ ಈ ವರ್ಷ ಎಷ್ಟು ಜನ ಫೀಸು ಕಟ್ಟಿದ್ದಾರೋ. ಹೋದ ವಾರ ಅದನ್ನು ಅಳಿಸಿದ್ದೇವೆ. ತಡವಾಯಿತು.

ಈ ವರ್ಷದ ರೇಸಿನ ಪೋಸ್ಟರ್ ವಾಟ್ಸಾಪಿನಲ್ಲಿ ಬಂದಿದೆ. ಫೀಸು 2,000 ಆಗಿದೆ. ನಾವು ಆ ನಂಬರಿಗೆ ನಾಲ್ಕು ಪ್ರಶ್ನೆ ಕಳಿಸಿದೆವು: ಅನುಮತಿ ಪತ್ರದ ಫೋಟೊ ಹಾಕುತ್ತೀರಾ, ರೇಸಿನ ಜಾಗದಲ್ಲೇ ಆ್ಯಂಬುಲೆನ್ಸ್ ನಿಲ್ಲುತ್ತದಾ, ತಿರುವುಗಳಲ್ಲಿ ಬಾವುಟದವರು ಇರುತ್ತಾರಾ, ಸಹಿ ಹಾಕಿಸುವ ಕಾಗದ ಕನ್ನಡದಲ್ಲಿ ಇರುತ್ತದಾ. ಎರಡು ನೀಲಿ ಟಿಕ್ ಬಂದವು. ಮರುದಿನ ಬೆಳಿಗ್ಗೆ ಒಂದು ಮೆಸೇಜು: "ಸ್ಲಾಟ್ ಬೇಗ ಖಾಲಿ ಆಗ್ತಿದೆ ಬ್ರೋ, ಇವತ್ತೇ ಪೇ ಮಾಡಿ." ಕೆಳಗೆ ಕ್ಯೂಆರ್ ಕೋಡ್. ಆ ನಾಲ್ಕು ಪ್ರಶ್ನೆಗಳನ್ನು ಕಾಪಿ ಮಾಡಿ ನೀವೂ ಕಳಿಸಿ ನೋಡಿ. ನಾವಂತೂ ದುಡ್ಡು ಕಟ್ಟಿಲ್ಲ.